ಬೀಳುವ ಡಾರ್ಟಿಗೆ ನಾರಿನ ಹಾಸಿಗೆ: ಆರು ವಾರಗಳ ಕೆಲಸದ ಟಿಪ್ಪಣಿ

ಪಡಸಾಲೆಯ ಗೋಡೆಯಲ್ಲಿ ಹತ್ತೊಂಬತ್ತು ತೂತುಗಳು, ರೆಡ್ ಆಕ್ಸೈಡ್ ನೆಲದಲ್ಲಿ ಎಣಿಸಲಾಗದಷ್ಟು ಚುಕ್ಕೆಗಳು, ಮೂರು ಡಾರ್ಟುಗಳಲ್ಲಿ ಎರಡರ ಮೊನೆ ಮೊಂಡು. ಡಾರ್ಟ್ ಎಂಬ ಮೊನೆಯ ಪುಟ್ಟ ಬಾಣವನ್ನು ಗುರಿಯಿಟ್ಟು ಎಸೆಯುವ ಆಟದ ಹಲಗೆ ತೂಗುಹಾಕಿದ ಎರಡೇ ತಿಂಗಳಲ್ಲಿ ಆದ ಹಾನಿ ಇಷ್ಟು. ಮೊನೆ ನೆಲಕ್ಕೆ ಬಡಿದಾಗ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಏಳುತ್ತದೆ. ಉಗುರಿನ ಮೇಲೆ ಎಳೆದರೆ ಗೀರುವುದು ತಿಳಿಯುತ್ತದೆ. ಅದೇ ಕೊಕ್ಕೆ ಮುಂದಿನ ಎಸೆತದಲ್ಲಿ ಹಲಗೆಯ ನಾರನ್ನು ಹಿಡಿದು ಕೀಳುತ್ತದೆ. ಡಾರ್ಟಿನ ಮೊನೆಯನ್ನು ಸಾಣೆಕಲ್ಲಿಗೆ ಉಜ್ಜಿ ಸರಿಪಡಿಸಬಹುದು, ಹಲಗೆಯನ್ನು ಸರಿಪಡಿಸಲಾಗದು. ಹಾಗಾಗಿ ಗುರಿ ತಪ್ಪಿದ ಡಾರ್ಟನ್ನು ತಡೆಯುವ, ಬೀಳುವುದನ್ನು ಹಿಡಿಯುವ, ಆಟ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿಡುವ ಒಂದು ಸಾಧನವನ್ನು ಗೋಡೆಗೇ ಮಾಡಿ ಕೂರಿಸಬೇಕೆಂದು ನಿಶ್ಚಯಿಸಿದೆ.

ಮೊದಲ ವಾರ

ಕೆಲಸ ಶುರುವಾದದ್ದು ಗರಗಸದಿಂದಲ್ಲ, ಹಳೆಯ ಹತ್ತಿ ಹಾಸಿಗೆಯಿಂದ. ಅದನ್ನು ಹಲಗೆಯ ಕೆಳಗೆ ನೆಲದ ಮೇಲೆ ಬಿಡಿಸಿದೆ. ಬಿದ್ದ ಡಾರ್ಟ್ ಪುಟಿಯದೆ ಬಿದ್ದಲ್ಲೇ ನಿಲ್ಲುತ್ತಿತ್ತು. ಗೋಡೆಯಿಂದ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ವಾರದಲ್ಲಿ ಬಿದ್ದವು 61. ಅವುಗಳಲ್ಲಿ 26 ಗೋಡೆಯಿಂದ 15 ಸೆಂ.ಮೀ. ಒಳಗೇ ಇದ್ದವು. ಉಳಿದವು ಚದುರಿದ್ದವು, ಕೆಲವಂತೂ ಒಂದೂವರೆ ಮೀಟರಿನಷ್ಟು ಹಿಂದಕ್ಕೆ ಬಂದಿದ್ದವು.

ಈ ಪಟ್ಟಿ ನನ್ನ ನಕ್ಷೆಯನ್ನೇ ಬದಲಿಸಿತು. 30 ಸೆಂ.ಮೀ. ಮುಂದಕ್ಕೆ ಚಾಚಿದ ದೊಡ್ಡ ತೊಟ್ಟಿಯೊಂದನ್ನು ಬರೆದಿಟ್ಟುಕೊಂಡಿದ್ದೆ. ಹಲಗೆಯ ಮನೆಗಳನ್ನು ಬೇರ್ಪಡಿಸುವ ತಂತಿಗೆ ಬಡಿದು ಹಿಂದಕ್ಕೆ ಚಿಮ್ಮುವ ಡಾರ್ಟುಗಳನ್ನು ಅಂಥ ತೊಟ್ಟಿಯೂ ಹಿಡಿಯಲಾರದು. ಸಡಿಲವಾಗಿ ನೇತಾಡಿ ಜಾರುವವು, ಇನ್ನೊಂದು ಡಾರ್ಟ್ ತಾಗಿ ಕಳಚುವವು, ಹಲಗೆಯ ಅಂಚಿಗೆ ಬಡಿದು ಕುಸಿಯುವವು ಮಾತ್ರ ಗೋಡೆಗುಂಟ ಇಳಿಯುತ್ತವೆ. ಅವಕ್ಕೆ 14 ಸೆಂ.ಮೀ. ಅಗಲ ಸಾಕು. ಎದೆಯ ಎತ್ತರದಲ್ಲಿ ಅಡಿಯುದ್ದ ಚಾಚಿದ ಮರ ಇದ್ದರೆ ಡಾರ್ಟ್ ಕೀಳಲು ಹೋದವರಿಗೆ ಪ್ರತಿ ಸಲವೂ ತಾಗುತ್ತದೆ.

ಎರಡನೆಯ ವಾರ: ಸುತ್ತಿನ ಬಳೆ

ಹಲಗೆಯ ಅಡ್ಡಳತೆ 45.1 ಸೆಂ.ಮೀ. ಅದರ ಸುತ್ತ 12.5 ಸೆಂ.ಮೀ. ಅಗಲದ ಬಳೆ ಕೂರಿಸಿದರೆ ಒಟ್ಟು 70 ಸೆಂ.ಮೀ. ಆಗುತ್ತದೆ. ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಫೋಮ್ ಚಾಪೆಯ ತುಂಡುಗಳು ಅಟ್ಟದಲ್ಲಿದ್ದವು, ಒಂದೊಂದೂ 12 ಮಿ.ಮೀ. ದಪ್ಪ. ಮೂರು ಪದರ ಹಾಕಿದರೆ 36 ಮಿ.ಮೀ. ಆಗಿ ಹಲಗೆಯ ದಪ್ಪಕ್ಕೆ ಹೆಚ್ಚುಕಡಿಮೆ ಸಮ ಬರುತ್ತದೆ. ಫೋಮನ್ನು ಒಂದೇ ಏಟಿಗೆ ಕತ್ತರಿಸಲು ಹೋಗಬಾರದು. ಚಾಕು ಒಳಗೊಳಗೇ ವಾಲಿ ಕೆಳಗಿನ ಅಂಚು ಓರೆಯಾಗುತ್ತದೆ. ಒಂದೇ ಗೀಟಿನ ಮೇಲೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ಬೆಣ್ಣೆಯಂತೆ ಬಿಡುತ್ತದೆ.

ಒಂದೊಂದು ಪದರವೂ ನಾಲ್ಕು ತುಂಡುಗಳದ್ದು. ಮೂರು ಪದರಗಳ ಕೂಡುಗೆರೆಗಳು ಒಂದರ ಮೇಲೊಂದು ಬಂದರೆ ಡಾರ್ಟ್ ಆ ಸಂದಿಯಲ್ಲಿ ನುಸುಳಿ ಗೋಡೆಗೆ ಹೋಗುತ್ತದೆ. ಆದ್ದರಿಂದ ಗಾರೆಯವರು ಇಟ್ಟಿಗೆ ಕಟ್ಟುವ ಹಾಗೆ, ಕೆಳಗಿನ ಸಂದಿಯ ಮೇಲೆ ಮೇಲಿನ ತುಂಡಿನ ನಡು ಬರುವಂತೆ ತಿರುಗಿಸಿ ರಬ್ಬರ್ ಸಲ್ಯೂಷನ್ ಹಚ್ಚಿ ಅಂಟಿಸಿದೆ. ಚಪ್ಪಲಿ ಹೊಲಿಯುವವರು ಬಳಸುವ ಅಂಟೇ ಅದು. ಎರಡೂ ಕಡೆ ಸವರಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು.

ಮೂರನೆಯ ವಾರ: ಬೆನ್ನ ಹಲಗೆ

12 ಮಿ.ಮೀ. ಪ್ಲೈವುಡ್ಡನ್ನು ನಾಲ್ಕು ಸ್ಕ್ರೂಗಳಿಂದ ಗೋಡೆಗೆ ಬಿಗಿದು, ಅದರ ಮೇಲೆ ಡಾರ್ಟ್ ಹಲಗೆ ಮತ್ತು ಬಳೆಯನ್ನು ಕೂರಿಸಿದೆ. ಬುಲ್‌ನ ಅಂದರೆ ಹಲಗೆಯ ನಟ್ಟನಡುವಿನ ಪುಟ್ಟ ವೃತ್ತದ ನಡು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು, ಅದು ಸರಿಯಾಗಿಯೇ ಬಂತು. ಆದರೆ ಎಸೆಯುವ ಗೆರೆಯ 2.37 ಮೀಟರನ್ನು ಅಳೆಯಬೇಕಾದದ್ದು ಗೋಡೆಯಿಂದಲ್ಲ, ಹಲಗೆಯ ಮುಖದಿಂದ. ಪ್ಲೈವುಡ್ ಬಂದು ಹಲಗೆ 12 ಮಿ.ಮೀ. ಮುಂದೆ ಸರಿದಿದ್ದರೂ ನಾನು ಹಳೆಯ ಗೆರೆಯಲ್ಲೇ ನಿಂತು ನಾಲ್ಕು ದಿನ ಆಡಿಬಿಟ್ಟಿದ್ದೆ. ಬೆರಳಗಲದ ವ್ಯತ್ಯಾಸವಾದರೂ ಅಭ್ಯಾಸ ಮಾಡುವವನಿಗೆ ಅದು ತಪ್ಪು ಅಳತೆಯೇ.

ಗಾರೆಯವರ ತೂಗುಗುಂಡು ತಂದು ಹಲಗೆಯ ಮುಖಕ್ಕೆ ತಾಗುವಂತೆ ಇಳಿಬಿಟ್ಟು, ಗುಂಡು ತೋರಿಸಿದ ಬಿಂದುವಿನಿಂದ ಹೊಸ ಗೆರೆ ಹಾಕಿದೆ. ಬುಲ್‌ನಿಂದ ಗೆರೆಗೆ ಓರೆಯಾಗಿ ದಾರ ಹಿಡಿದಾಗ 2.93 ಮೀಟರ್ ಬಂತು. ಆ ಒಂದು ಅಳತೆ ಕೂಡಿದರೆ ಉಳಿದೆರಡೂ ಸರಿಯಿವೆ ಎಂಬ ಧೈರ್ಯ ಬರುತ್ತದೆ.

ನಾಲ್ಕು ಮತ್ತು ಐದನೆಯ ವಾರ: ತೊಟ್ಟಿ

ಇಲ್ಲಿ ನನ್ನ ಹೆಚ್ಚಿನ ಸಮಯ ಹೋಯಿತು, ಕಲಿತದ್ದೂ ಇಲ್ಲೇ. ಬಳೆಯ ಕೆಳ ಅಂಚು ನೆಲದಿಂದ 138 ಸೆಂ.ಮೀ. ಎತ್ತರದಲ್ಲಿದೆ. ತೊಟ್ಟಿಯ ತಳವನ್ನು 125ರಲ್ಲಿ ನಿಲ್ಲಿಸಿದೆ. ಬುಲ್‌ನಿಂದ ಜಾರಿದ ಡಾರ್ಟ್ ಮೊದಲು 173 ಸೆಂ.ಮೀ. ಬೀಳುತ್ತಿತ್ತು, ಈಗ 48 ಸೆಂ.ಮೀ. ಬಡಿತದ ಬಲ ಕಾಲುಭಾಗದ ಹತ್ತಿರಕ್ಕೆ ಇಳಿಯಿತು, ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಬರಿ ಪ್ಲೈವುಡ್ ತಳಕ್ಕೆ ಬಿದ್ದ ಮೊದಲ ಡಾರ್ಟೇ ಟಕ್ ಎಂದು ಪುಟಿದು, ತೊಟ್ಟಿಯಿಂದಾಚೆ ಹಾರಿ ಮತ್ತೆ ನೆಲಕ್ಕೇ ಬಿತ್ತು. ಕೆಲವು ಮರಕ್ಕೆ ಕಚ್ಚಿಕೊಂಡವು. ಕಿತ್ತರೆ ಆ ಜಾಗದಲ್ಲಿ ಗುಳಿ, ಗುಳಿಯಂಚಿನಲ್ಲಿ ಸಿಬಿರು. ಉಳಿದ ಫೋಮ್ ಹಾಸಿ ನೋಡಿದೆ. ಚೆನ್ನಾಗಿಯೇ ಹಿಡಿಯಿತು, ಆದರೆ ತಳದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿಸಿಕೊಂಡು ಹತ್ತೇ ದಿನದಲ್ಲಿ ಅಲ್ಲಿ ಪುಡಿ ಉದುರತೊಡಗಿತು.

ಮಾಳಿಗೆ ಬಾಗಿಲನ್ನು ದುರಸ್ತಿ ಮಾಡಲು ಬಂದಿದ್ದ ಆಚಾರರು ತೊಟ್ಟಿಯೊಳಗೆ ಬೆರಳಾಡಿಸಿ, “ಮೇಷ್ಟ್ರೇ, ಮರವನ್ನು ಮಲಗಿಸಿದ್ದೀರಿ. ಮಲಗಿದ ನಾರು ಮೊಳೆಗೆ ದಾರಿ ಬಿಡುವುದಿಲ್ಲ, ಹರಿಯುತ್ತದೆ. ನಿಂತ ನಾರು ಬಿಡುತ್ತದೆ” ಎಂದರು.

ಅವರು ಹೋದ ಮೇಲೆ ಡಾರ್ಟ್ ಹಲಗೆಯನ್ನು ಕೆಳಗಿಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅದು ಸಿಸಾಲ್ ನಾರಿನದು. ಸಿಸಾಲ್ ಎಂದರೆ ನಮ್ಮ ಬೇಲಿಯ ಕತ್ತಾಳೆಯ ಹತ್ತಿರದ ನಂಟು. ಅದರ ನಾರುಗಳನ್ನು ಮಲಗಿಸದೆ, ತುದಿಗಳು ನಮ್ಮ ಕಡೆ ಬರುವಂತೆ ನಿಲ್ಲಿಸಿ ಒತ್ತಿ ಬಿಗಿದಿದ್ದಾರೆ. ಮೊನೆ ಯಾವ ನಾರನ್ನೂ ಕತ್ತರಿಸದೆ ಎರಡರ ನಡುವೆ ಹೊಗುತ್ತದೆ. ಕಿತ್ತಾಗ ನಾರುಗಳು ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಹಿಂದೆ ಎಲ್ಮ್ ಮರದ ಹಲಗೆಗಳಿದ್ದವು. ಅವುಗಳ ತೂತುಗಳು ಮುಚ್ಚಿಕೊಳ್ಳಲೆಂದು ರಾತ್ರಿ ನೀರಿನಲ್ಲಿ ನೆನೆಹಾಕುತ್ತಿದ್ದರು. 1930ರ ದಶಕದಲ್ಲಿ ನೋಡೋರ್ ಕಂಪನಿ ಸಿಸಾಲ್ ಹಲಗೆಯನ್ನು ತಂದ ಮೇಲೆ ಆ ಕಷ್ಟ ತಪ್ಪಿತು. ಎಲ್ಮ್ ಹಲಗೆಯ ತೊಂದರೆಯನ್ನೇ ನಾನು ನನ್ನ ತೊಟ್ಟಿಯಲ್ಲಿ ಮತ್ತೆ ಕಟ್ಟಿಕೊಂಡಿದ್ದೆ.

ನಮ್ಮೂರು ತಿಪಟೂರು. ತೆಂಗಿನ ನಾರಿಗೆ ಇಲ್ಲಿ ಬರವೇ? ಬಾಗಿಲಲ್ಲಿ ಹಾಸುವ ನಾರಿನ ಕಾಲೊರಸನ್ನು ತಂದೆ. ಅದರ ನಾರುಗಳೂ ಬ್ರಷ್ಷಿನಂತೆ ನೆಟ್ಟಗೆ ನಿಂತಿರುತ್ತವೆ, ಅಡಿಯಲ್ಲಿ ರಬ್ಬರಿನ ತಳವಿರುತ್ತದೆ. ತೊಟ್ಟಿಯ ಅಳತೆಗೆ ಕತ್ತರಿಸಿ ಹಾಸಿ, ಒಂದು ಡಾರ್ಟನ್ನು ಬುಲ್‌ನ ಎತ್ತರದಿಂದ ಕೈಬಿಟ್ಟೆ. ಭಾರ ಮುಂದಿರುವುದರಿಂದ ಅದು ಗಾಳಿಯಲ್ಲೇ ತಲೆ ಕೆಳಗಾಗಿ ಇಳಿದು ನಾರಿನೊಳಗೆ ಹೊಕ್ಕು ನಿಂತಿತು. ಸದ್ದೇ ಇಲ್ಲ. ಇನ್ನೊಂದನ್ನು ಬಿಟ್ಟೆ, ಮತ್ತೊಂದನ್ನು ಬಿಟ್ಟೆ. ಮಗಳನ್ನು ಕೂಗಿದೆ. ಇಬ್ಬರೂ ಸೇರಿ ಮೂವತ್ತು ಸಲ ಬಿಟ್ಟಿದ್ದೇವೆ, ಪುಟಿದು ಆಚೆ ಹೋದದ್ದು ಎರಡೇ. ಅವೆರಡೂ ಅಡ್ಡಡ್ಡ ಬಿದ್ದವು.

ತೊಟ್ಟಿಯ ಮುಂದಂಚು ಬರಿ ಮರವಾಗಿದ್ದರೆ ತೀರ ಕೆಳಗೆ ಬಂದ ಎಸೆತ ಅದಕ್ಕೆ ಬಡಿದು ನೇರ ನಮ್ಮತ್ತಲೇ ಮರಳುತ್ತದೆ. ಅದಕ್ಕೂ ಎರಡು ಪದರ ಫೋಮ್ ಸುತ್ತಿದೆ.

ಆರನೆಯ ವಾರ: ಜೋಡಿಸಿಡುವ ಕಟ್ಟೆ

ಒಂದು ಹಲಸಿನ ತುಂಡು, ಹನ್ನೆರಡು ತೂತು, ಅಂದರೆ ನಾಲ್ವರಿಗೆ ಮೂರು ಮೂರು. ಮೊದಲು 8 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಕೊರೆದು ಕೆಡಿಸಿದೆ. ಡಾರ್ಟುಗಳು ಬ್ಯಾರೆಲ್ಲಿನವರೆಗೆ, ಅಂದರೆ ಬೆರಳಲ್ಲಿ ಹಿಡಿಯುವ ದಪ್ಪ ಭಾಗದವರೆಗೆ, ಇಳಿದು ಒಂದರ ಮೇಲೊಂದು ವಾಲಿ ಫ್ಲೈಟುಗಳು (ಬಾಲದ ರೆಕ್ಕೆಗಳು) ಮುದುಡಿದವು. ಎರಡನೆಯ ತುಂಡಿನಲ್ಲಿ 3 ಮಿ.ಮೀ. ಬಿಟ್ಟಿನ ತೂತು, 4 ಸೆಂ.ಮೀ. ಆಳ, ತೂತಿನಿಂದ ತೂತಿಗೆ 5 ಸೆಂ.ಮೀ. ಅಂತರ. ಮೊನೆ ಮಾತ್ರ ಒಳಗೆ ಹೋಗಿ ಬ್ಯಾರೆಲ್ಲಿನ ಭುಜ ಮರದ ಮೇಲೆ ಕೂರುತ್ತದೆ, ಡಾರ್ಟ್ ನೆಟ್ಟಗೆ ನಿಲ್ಲುತ್ತದೆ. ಮನೆಯಲ್ಲಿ ಮಕ್ಕಳಿರುವುದರಿಂದ ಮೊನೆ ಪೂರ್ತಿ ಮರದೊಳಗಿರುವುದೇ ಸರಿ. ಕಟ್ಟೆಯನ್ನು ಪ್ಲೈವುಡ್ಡಿನ ಎಡಕ್ಕೆ, ಎಸೆತ ತಪ್ಪಿದರೂ ತಲುಪದಷ್ಟು ದೂರದಲ್ಲಿ ಬಿಗಿದಿದ್ದೇನೆ. ಮಳೆಗಾಲದಲ್ಲಿ ತೆಂಗಿನ ನಾರು ತೇವ ಹಿಡಿಯುವುದರಿಂದ ಡಾರ್ಟುಗಳನ್ನು ರಾತ್ರಿ ತೊಟ್ಟಿಯಲ್ಲೇ ಬಿಡಬಾರದು, ಉಕ್ಕಿನ ಮೊನೆಗೆ ತುಕ್ಕು ಬರುತ್ತದೆ. ಕಟ್ಟೆಯ ಒಂದೊಂದು ತೂತಿಗೂ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟಿದ್ದೇನೆ.

ಹಿಂದಕ್ಕೆ ಚಿಮ್ಮುವವುಗಳ ಪಾಲು ಇನ್ನೂ ಬಾಕಿ ಇದೆ. ಅದಕ್ಕೆ ನೆಲಕ್ಕೇ ಏನಾದರೂ ಹಾಸಬೇಕು. ಸದ್ಯಕ್ಕೆ ಹತ್ತಿ ಹಾಸಿಗೆಯೇ ಇದೆ. ನಿನ್ನೆ ಸಂಜೆ ಮಗಳು ಎಸೆದ ಡಾರ್ಟ್ ಇಪ್ಪತ್ತರ ಮನೆಯಲ್ಲಿ ಒಂದು ಕ್ಷಣ ನೇತಾಡಿ ಕಳಚಿತು. ಅಭ್ಯಾಸಬಲದಿಂದ ಅವಳು ನೆಲದತ್ತ ಬಗ್ಗಿ ಹುಡುಕತೊಡಗಿದಳು. “ಮೇಲೆ ನೋಡಮ್ಮ” ಎಂದೆ. ತೊಟ್ಟಿಯಂಚಿನಿಂದ ಕೆಂಪು ಫ್ಲೈಟ್ ಮಾತ್ರ ಕಾಣುತ್ತಿತ್ತು.