ಏಳು ಪಾಸ್ ಹಿಡಿದ ಕೋಚ್

ಅಮೆರಿಕದಲ್ಲಿ ಓದಿದ ದಿನಗಳ ಬಗ್ಗೆ ಬರೆಯಬೇಕೆಂದು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕರು ಕೇಳಿದರು. ವೀಸಾದ ಪಾಡು, ಮೊದಲ ಹಿಮ, ಅಡುಗೆಯ ಫಜೀತಿಗಳನ್ನೆಲ್ಲ ನನಗಿಂತ ಹಿಂದಿನವರು ಚೆನ್ನಾಗಿಯೇ ಬರೆದಿರುವುದರಿಂದ, ನಾನು ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆದ ಡ್ಯಾಬೊ ಸ್ವಿನ್ನಿಯವರ ಬಗ್ಗೆ ಬರೆಯುತ್ತಿದ್ದೇನೆ. ಅವರೊಂದಿಗೆ ನಾನು ಒಮ್ಮೆಯೂ ಮಾತಾಡಿದವನಲ್ಲ. ಅವರ ಆಟವನ್ನೂ ನೋಡಿದವನಲ್ಲ. ನೋಡಿದವರೂ ಹೆಚ್ಚು ಜನ ಇರಲಾರರು. ಅಲಬಾಮಾ ವಿಶ್ವವಿದ್ಯಾಲಯದ ತಂಡದಲ್ಲಿ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವ ಆಟಗಾರ, ಆಗಿದ್ದ ಅವರು ಪಂದ್ಯಗಳಲ್ಲಿ ಹಿಡಿದದ್ದು ಒಟ್ಟು 7 ಪಾಸ್, ಗಳಿಸಿದ್ದು 81 ಯಾರ್ಡ್.

ನಾನು ಎಂ.ಎಸ್. ಓದಲು ದಕ್ಷಿಣ ಕೆರೊಲಿನಾದ ಆ ಊರಿಗೆ ಹೋದದ್ದು 2008ರ ಆಗಸ್ಟ್‌ನಲ್ಲಿ. ಊರಿನ ಜನಸಂಖ್ಯೆ ಇಪ್ಪತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಆದರೆ ಸ್ಟೇಡಿಯಂನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಪಂದ್ಯದ ಶನಿವಾರಗಳಲ್ಲಿ ಹೆದ್ದಾರಿಯಿಂದ ಹಿಡಿದು ದಿನಸಿ ಅಂಗಡಿಯವರೆಗೆ ಎಲ್ಲೆಲ್ಲೂ ಕಿತ್ತಳೆ ಬಣ್ಣ. ಆ ಅಕ್ಟೋಬರ್ 13ರಂದು, ತಂಡ ಮೂರು ಗೆದ್ದು ಮೂರು ಸೋತಿದ್ದ ಹೊತ್ತಿಗೆ, ಮುಖ್ಯ ಕೋಚ್ ಟಾಮಿ ಬೌಡನ್ ಹುದ್ದೆ ಬಿಟ್ಟರು. ಉಳಿದ ಪಂದ್ಯಗಳಿಗೆ ಹಂಗಾಮಿಯಾಗಿ ನೇಮಕವಾದವರು ರಿಸೀವರ್‌ಗಳಿಗೆ ತರಬೇತಿ ಕೊಡುತ್ತಿದ್ದ ಸ್ವಿನ್ನಿ. ನಮ್ಮ ಲ್ಯಾಬಿನ ಸ್ಥಳೀಯ ಹುಡುಗರು ಅಸಮಾಧಾನಗೊಂಡಿದ್ದರು. ಸ್ವಿನ್ನಿ ಎಲ್ಲಿಯೂ ಮುಖ್ಯ ಕೋಚ್ ಆಗಿರಲಿಲ್ಲ. ಆಕ್ರಮಣವನ್ನೋ ರಕ್ಷಣೆಯನ್ನೋ ಯೋಜಿಸುವ ಕೋಆರ್ಡಿನೇಟರ್ ಎಂಬ ನಡುವಿನ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಆ ಆಟವೇ ತಿಳಿಯದ ನನಗೆ ಆ ಹುಡುಗರ ಅಸಮಾಧಾನ ಅರ್ಥವಾಗಲು ಸಮಯ ಹಿಡಿಯಿತು. ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡಕ್ಕೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಯಾರ್ಡ್ ಮುಂದೆ ಸಾಗಬೇಕು. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ದೂರದಲ್ಲಿ ಹಿಡಿಯುವವನು ರಿಸೀವರ್. ಟಿ.ವಿ. ತೋರಿಸುವುದು ಆ ಹಿಡಿತವನ್ನು ಮಾತ್ರ. ಆದರೆ ಬಹುಪಾಲು ಸಲ ಚೆಂಡು ಅವನ ಕಡೆಗೆ ಬರುವುದೇ ಇಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ, ಬರುತ್ತದೆಂದು ಎದುರಾಳಿಗೆ ಅನ್ನಿಸುವಷ್ಟು ವೇಗದಲ್ಲಿ, ಇಂತಿಷ್ಟು ಹೆಜ್ಜೆಗೆ ಇಂಥ ಕೋನದಲ್ಲಿ ತಿರುಗಬೇಕೆಂದು ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಅವನು ಓಡಬೇಕು. ಚೆಂಡು ಬೇರೆಯವನ ಕೈ ಸೇರಿದರೆ ಆ ಓಟಗಾರನ ಮೇಲೆ ಬೀಳಲು ಬರುವವರನ್ನು ತನ್ನ ಮೈಯಿಂದಲೇ ತಡೆಯಬೇಕು. ನಾನ್‌ಸ್ಟ್ರೈಕರ್ ತುದಿಯಲ್ಲಿ ನಿಂತ ಬ್ಯಾಟ್ಸ್‌ಮನ್ ಬೇರೆಯವನ ಹೊಡೆತಕ್ಕೆ ಓಡುವಂತೆಯೇ ಇದೂ, ಆದರೆ ಇಲ್ಲಿ ಓಡಿದ್ದಕ್ಕೆ ಯಾವ ಅಂಕಪಟ್ಟಿಯಲ್ಲೂ ಲೆಕ್ಕವಿಲ್ಲ.

ಸ್ವಿನ್ನಿ ಆಡಿದ ಆಟ ಬಹುಪಾಲು ಇದೇ. ಅಲಬಾಮಾದ ಪೆಲಮ್ ಊರಿನಲ್ಲಿ ಬೆಳೆದ ಅವರ ಮನೆ ತಂದೆಯ ಕುಡಿತದಿಂದ ಒಡೆದಿತ್ತು. ಕಾಲೇಜಿನ ದಿನಗಳಲ್ಲಿ ನೆಲೆಯಿಲ್ಲದ ತಾಯಿ ಮಗನ ಬಾಡಿಗೆ ಕೋಣೆಗೇ ಬಂದು ಇದ್ದರು. ಯಾರೂ ಸ್ಕಾಲರ್‌ಶಿಪ್ ಕೊಟ್ಟು ಅವರನ್ನು ಕರೆಯಲಿಲ್ಲ. ತಾವಾಗಿಯೇ ಹೋಗಿ ಆಯ್ಕೆ ಪರೀಕ್ಷೆ ಎದುರಿಸಿ ತಂಡ ಸೇರುವ ಇಂಥವರನ್ನು ಅಲ್ಲಿ ವಾಕ್-ಆನ್ ಎನ್ನುತ್ತಾರೆ. ಅವರಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ದು ಆಮೇಲೆ. ಕೋಚ್ ಜೀನ್ ಸ್ಟಾಲಿಂಗ್ಸ್ ಅವರ ಅಲಬಾಮಾ ತಂಡ 1993ರ ಜನವರಿ 1ರಂದು ಶುಗರ್ ಬೌಲ್ ಎಂಬ ಪಂದ್ಯದಲ್ಲಿ ಮಯಾಮಿಯನ್ನು 34-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದಾಗ ಸ್ವಿನ್ನಿ ಆ ತಂಡದಲ್ಲಿದ್ದರು.

ಇಲ್ಲಿಂದ ಮುಂದಿನದ್ದು ನನಗೆ ಹೆಚ್ಚು ಹತ್ತಿರದ ಭಾಗ. ಪದವಿ ಮುಗಿದ ಮೇಲೆ ಅವರು ಅಲ್ಲಿಯೇ ಎಂ.ಬಿ.ಎ.ಗೆ ಸೇರಿ, ತಂಡದಲ್ಲಿ ಗ್ರಾಜುಯೇಟ್ ಅಸಿಸ್ಟೆಂಟ್ ಆದರು. ಕ್ಲೆಮ್ಸನ್‌ನಲ್ಲಿ ನನಗಿದ್ದದ್ದೂ ಅದೇ ಹೆಸರಿನ ಕೆಲಸ: ಲ್ಯಾಬ್ ನಡೆಸುವುದು, ಉತ್ತರ ಪತ್ರಿಕೆ ತಿದ್ದುವುದು, ಪ್ರೊಫೆಸರ್ ಬರುವ ಮೊದಲು ಉಪಕರಣಗಳನ್ನು ಸಿದ್ಧಮಾಡಿಡುವುದು. ಫುಟ್‌ಬಾಲಿನಲ್ಲಿ ಆ ಹುದ್ದೆಯವರು ಎದುರಾಳಿಗಳ ಪಂದ್ಯಗಳ ವಿಡಿಯೊ ನೋಡಿ ಆಟವಾಟವಾಗಿ ಬಿಡಿಸಿಡುತ್ತಾರೆ, ಅಭ್ಯಾಸಕ್ಕೆ ಬೇಕಾದ ನಕ್ಷೆ ಬರೆಯುತ್ತಾರೆ. ತಾನು ಓಡಿದ ಒಂದು ದಾರಿಯನ್ನಷ್ಟೇ ಬಲ್ಲ ಆಟಗಾರನಿಗೆ ಉಳಿದ ಹತ್ತು ಜನ ಏನು ಮಾಡುತ್ತಿದ್ದರೆಂಬುದು ಕಾಣಿಸುವುದು ಇಂಥ ಕೆಲಸದಲ್ಲೇ ಎಂದು ನನ್ನ ಅಭಿಪ್ರಾಯ. ವಾಕ್-ಆನ್ ಹುಡುಗನ ಛಲವನ್ನು ಎಲ್ಲರೂ ಹೊಗಳುತ್ತಾರೆ. ಈ ಗುಮಾಸ್ತಿಕೆಯ ವರ್ಷಗಳನ್ನು ನೆನೆಯುವವರು ಕಡಿಮೆ.

1996ರಲ್ಲಿ ಅವರು ಅಲಬಾಮಾದ ಪೂರ್ಣಾವಧಿ ಸಹಾಯಕ ಕೋಚ್ ಆದರು. 2000ದಲ್ಲಿ ತಂಡ ಎಂಟು ಪಂದ್ಯ ಸೋತಿತು. ಮುಖ್ಯ ಕೋಚ್ ಮೈಕ್ ಡುಬೋಸ್ ಅವರೊಂದಿಗೆ ಸ್ವಿನ್ನಿಯವರ ಕೆಲಸವೂ ಹೋಯಿತು. ಮುಂದಿನ ಎರಡು ವರ್ಷ ಅವರು ಕೋಚ್ ಆಗಿರಲಿಲ್ಲ, ಅಂಗಡಿ ಸಂಕೀರ್ಣಗಳನ್ನು ಕಟ್ಟುವ ರಿಯಲ್ ಎಸ್ಟೇಟ್ ಕಂಪನಿಯೊಂದರಲ್ಲಿದ್ದರು. 2003ರಲ್ಲಿ ರಿಸೀವರ್‌ಗಳ ಕೋಚ್ ಆಗಿ ಕ್ಲೆಮ್ಸನ್‌ಗೆ ಕರೆದುಕೊಂಡವರು ಬೌಡನ್.

2008ರಲ್ಲಿ ಹಂಗಾಮಿಯಾದ ದಿನವೇ ಸ್ವಿನ್ನಿ ಆಕ್ರಮಣದ ಕೋಆರ್ಡಿನೇಟರನ್ನು ತೆಗೆದರು. ಮೊದಲ ಪಂದ್ಯವನ್ನು ಜಾರ್ಜಿಯಾ ಟೆಕ್ ವಿರುದ್ಧ ಸೋತರು. ನವೆಂಬರ್ ಕೊನೆಗೆ ರಾಜ್ಯದ ಬದ್ಧ ಎದುರಾಳಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡವನ್ನು 31-14ರಿಂದ ಸೋಲಿಸಿದಾಗ ಊರಿನ ಮಾತಿನ ಧಾಟಿ ಬದಲಾಯಿತು. ಡಿಸೆಂಬರ್ 1ರಂದು ಹುದ್ದೆ ಕಾಯಂ ಆಯಿತು. ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. 2010ರಲ್ಲಿ ತಂಡ ಆರು ಗೆದ್ದು ಏಳು ಸೋತಾಗ ಅವರನ್ನು ತೆಗೆಯಬೇಕೆಂಬ ಕೂಗು ಎದ್ದಿತ್ತು. ವಿಶ್ವವಿದ್ಯಾಲಯದ ಕ್ರೀಡೆಗಳ ಮುಖ್ಯಸ್ಥರಾದ ಆಗಿನ ಅಥ್ಲೆಟಿಕ್ ಡೈರೆಕ್ಟರ್ ಟೆರ್ರಿ ಡಾನ್ ಫಿಲಿಪ್ಸ್ ಅದಕ್ಕೆ ಕಿವಿಗೊಡಲಿಲ್ಲ. ಮರುವರ್ಷ ತಂಡ ತನ್ನ ಕಾನ್ಫರೆನ್ಸ್, ಅಂದರೆ ತಾನು ಸೇರಿದ ಕಾಲೇಜುಗಳ ಗುಂಪಿನ, ಪ್ರಶಸ್ತಿ ಗೆದ್ದಿತು. ಡಿಆಂಡ್ರೆ ಹಾಪ್ಕಿನ್ಸ್, ಸ್ಯಾಮಿ ವಾಟ್ಕಿನ್ಸ್, ಮೈಕ್ ವಿಲಿಯಮ್ಸ್ ಎಂಬ ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ಅಲ್ಲಿಂದ ಎನ್.ಎಫ್.ಎಲ್. ಎಂಬ ವೃತ್ತಿಪರ ಲೀಗ್‌ಗೆ ಹೋದರು.

2017ರ ಜನವರಿ 9ರ ರಾತ್ರಿ ಟ್ಯಾಂಪಾದಲ್ಲಿ ನಡೆದ ರಾಷ್ಟ್ರೀಯ ಫೈನಲ್ ಅನ್ನು ನಾನು ಹಳೆಯ ಸಹಪಾಠಿಗಳ ಜೊತೆ ಟಿ.ವಿ.ಯಲ್ಲಿ ನೋಡಿದೆ. ಎದುರಾಳಿ ಅಲಬಾಮಾ. ಒಂದು ಸೆಕೆಂಡ್ ಉಳಿದಿದ್ದಾಗ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ ಎರಡು ಯಾರ್ಡ್ ದೂರದಿಂದ ಎಸೆದ ಚೆಂಡನ್ನು ಹಿಡಿದು, ಕ್ಲೆಮ್ಸನ್‌ಗೆ 35-31ರ ಗೆಲುವನ್ನೂ 1981ರ ನಂತರದ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನೂ ತಂದವನು ಹಂಟರ್ ರೆನ್‌ಫ್ರೋ. ಅವನೂ ವಾಕ್-ಆನ್ ಆಗಿಯೇ ಬಂದ ರಿಸೀವರ್. ಕೋಚ್ ತಮ್ಮ ಇಡೀ ಆಟದ ಕಾಲದಲ್ಲಿ ಏಳು ಪಾಸ್ ಹಿಡಿದಿದ್ದರೆ, ಅವನು ಆ ಒಂದು ರಾತ್ರಿಯಲ್ಲೇ ಹತ್ತು ಹಿಡಿದ. ನನ್ನ ಗೆಳೆಯರು ಅವನ ಹೆಸರು ಕೂಗುತ್ತಿದ್ದರು. ಮರುಪ್ರಸಾರದಲ್ಲಿ ನನ್ನ ಕಣ್ಣು ಹೋದದ್ದು ಆರ್ಟಾವಿಸ್ ಸ್ಕಾಟ್ ಕಡೆಗೆ. ಎದುರಾಳಿಗಳ ದಾರಿಗೆ ಅಡ್ಡವಾಗಿ ಸಾಗಿ ರೆನ್‌ಫ್ರೋಗೆ ಜಾಗ ಬಿಡಿಸಿಕೊಟ್ಟ ಇನ್ನೊಬ್ಬ ರಿಸೀವರ್ ಅವನು. ಎರಡು ವರ್ಷದ ನಂತರ ಅದೇ ಅಲಬಾಮಾವನ್ನು 44-16ರಿಂದ ಸೋಲಿಸಿ ಕ್ಲೆಮ್ಸನ್ ಮತ್ತೊಮ್ಮೆ ಗೆದ್ದಿತು.

ಸ್ವಿನ್ನಿಯವರ ಎಲ್ಲ ನಿಲುವುಗಳನ್ನೂ ನಾನು ಒಪ್ಪುವುದಿಲ್ಲ. ಕಾಲೇಜು ಆಟಗಾರರನ್ನು ಸಂಬಳದ ವೃತ್ತಿಪರರನ್ನಾಗಿ ಮಾಡುವುದನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದರು. 2019ರಲ್ಲಿ ಅವರದೇ ಒಪ್ಪಂದ ಹತ್ತು ವರ್ಷಕ್ಕೆ 9.3 ಕೋಟಿ ಡಾಲರ್ ಆಗಿತ್ತು. ಬೇರೆ ಕಾಲೇಜುಗಳಿಂದ ಸಿದ್ಧ ಆಟಗಾರರನ್ನು ತರಲು ಉಳಿದ ಕೋಚ್‌ಗಳು ಮುಗಿಬಿದ್ದಾಗ, ಸೇರಿದ ಹುಡುಗರನ್ನೇ ವರ್ಷಗಟ್ಟಲೆ ಬೆಳೆಸುತ್ತೇನೆಂದು ಅವರು ಹಠ ಹಿಡಿದರು. ಅದರಿಂದ ತಂಡ ಹಿಂದೆ ಬಿತ್ತೆಂದು ನನ್ನ ಸಹಪಾಠಿಗಳು ಈಗಲೂ ವಾದಿಸುತ್ತಾರೆ. ಈ ಒಂದು ವಿಷಯದಲ್ಲಿ ನಾನು ಕೋಚ್ ಪಕ್ಷ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಅದು ನ್ಯಾಯವೇ. ಆದರೆ ಅದೇ ಇತ್ಯರ್ಥವು ಫುಟ್‌ಬಾಲ್ ತಂಡದ ಗಾತ್ರವನ್ನು 105 ಜನಕ್ಕೆ ಕಟ್ಟಿಹಾಕಿರುವುದರಿಂದ, ಮೊದಲು ಜಾಗ ಕಳೆದುಕೊಳ್ಳುವವರು ಕರೆಯದೆ ಬಂದು ಆಯ್ಕೆ ಪರೀಕ್ಷೆಯ ಸಾಲಿನಲ್ಲಿ ನಿಲ್ಲುವ ವಾಕ್-ಆನ್ ಹುಡುಗರೇ.