ಚೆರ್ರಿ ಮರಕ್ಕೆ ಸೇಬಿನ ಲೆಕ್ಕ ಬೇಡ

ಸೇಬಿನ ಮರದ ಕೊಂಬೆ ಸವರಿ ಕೈ ಪಳಗಿದವರೇ ಚೆರ್ರಿ ತೋಟವನ್ನು ಹೆಚ್ಚು ಕೆಡಿಸುವುದು. ಕತ್ತರಿ ಅದೇ, ಗರಗಸ ಅದೇ, ಮೊಗ್ಗು ಮಾತ್ರ ಬೇರೆ. ಸೇಬಿನ ಹೂಮೊಗ್ಗಿನೊಳಗೆ ಹೂವಿನ ಜೊತೆ ಎಲೆಯೂ ಚಿಗುರೂ ಇರುತ್ತವೆ. ಸಿಹಿ ಚೆರ್ರಿಯ ಹೂಮೊಗ್ಗಿನಲ್ಲಿ ಹೂವು ಬಿಟ್ಟರೆ ಇನ್ನೇನೂ ಇಲ್ಲ. ಎರಡರಿಂದ ನಾಲ್ಕು ಹೂ ಅರಳುತ್ತವೆ, ಹಣ್ಣು ಕೊಯ್ದ ಮೇಲೆ ಆ ಜಾಗ ಬರಡು. ಅಲ್ಲಿಂದ ಮತ್ತೆ ಚಿಗುರು ಬರುವುದಿಲ್ಲ. ಚೆರ್ರಿ ಸವರುವುದರಲ್ಲಿ ಎಡವಟ್ಟಾಗುವ ಬಹುಪಾಲು ಕಡೆ ಕಾರಣ ಇದೇ.

ಎಲೆ ಉದುರಿದ ಒಂದು ಕೊಂಬೆಯನ್ನು ತುದಿಯಿಂದ ಬುಡದ ಕಡೆಗೆ ನೋಡುತ್ತ ಬನ್ನಿ. ತುದಿಯದು ಕಳೆದ ಬೇಸಿಗೆಯಲ್ಲಿ ಬೆಳೆದ ಕಡ್ಡಿ. ಅದರ ಬುಡದಲ್ಲಿ ಕೆಲವು ಮೊಗ್ಗು ದುಂಡಗೆ ಉಬ್ಬಿಕೊಂಡಿರುತ್ತವೆ, ಅವು ಹೂಮೊಗ್ಗು. ಅಲ್ಲಿಂದ ಮೇಲಿನವೆಲ್ಲ ತೆಳ್ಳಗೆ, ಚೂಪಾಗಿರುವ ಎಲೆಮೊಗ್ಗು. ತೊಗಟೆಯ ಮೇಲೆ ಒತ್ತೊತ್ತಾಗಿ ಉಂಗುರದಂಥ ಗೆರೆಗಳು ಕಂಡಲ್ಲಿ ಅದಕ್ಕೂ ಹಿಂದಿನ ವರ್ಷದ ಭಾಗ ಶುರುವಾಗುತ್ತದೆ. ಅಲ್ಲಿಯ ಎಲೆಮೊಗ್ಗುಗಳು ಈಗ ಸ್ಪರ್ ಆಗಿವೆ: ಗಿಡ್ಡನೆಯ ಮೋಟು ಕುಡಿ, ನಡುವೆ ಒಂದೇ ಒಂದು ಎಲೆಮೊಗ್ಗು, ಸುತ್ತ ಹೂಮೊಗ್ಗುಗಳ ಗುಂಪು. ಇನ್ನೂ ಕೆಳಗಿರುವುದು ಹಳೆಯ ಸ್ಪರ್‌ಗಳ ಸಾಲು. ಬೆಳಕು ಸಿಕ್ಕರೆ ಇವು ಹಲವು ವರ್ಷ ಫಲ ಕೊಡುತ್ತವೆ, ನೆರಳು ಕವಿದರೆ ಒಂದೊಂದಾಗಿ ಸತ್ತು ಕೊಂಬೆ ಬೋಳಾಗುತ್ತದೆ.

ಈ ನಕ್ಷೆ ಕಣ್ಣಿಗೆ ಕೂತ ಮೇಲೆ ಎಲ್ಲಿ ಕತ್ತರಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕಳೆದ ಬೇಸಿಗೆಯ ಕಡ್ಡಿಯನ್ನು ಬುಡದ ಹೂಮೊಗ್ಗಿನ ಭಾಗದಲ್ಲಿ ತುಂಡರಿಸಿದರೆ ಉಳಿದ ಮೋಟಿಗೆ ಎಲೆ ಕೊಡುವ ಮೊಗ್ಗೇ ಇರುವುದಿಲ್ಲ. ಹಣ್ಣು ಸೊರಗುತ್ತದೆ, ಮೋಟು ಒಣಗುತ್ತದೆ. ಕತ್ತರಿಸುವುದಾದರೆ ಹೂಮೊಗ್ಗುಗಳ ಮೇಲೆ ಕಡಿಮೆಯೆಂದರೂ ಎರಡು ಮೂರು ಎಲೆಮೊಗ್ಗು ಬಿಡಬೇಕು. ತುದಿ ಕತ್ತರಿಸುವ ಲೆಕ್ಕ ಬೇರೆ. ಕಡ್ಡಿಯ ತುದಿಯ ಹತ್ತಿರ ಗೆಣ್ಣುಗಳು ಒತ್ತೊತ್ತಾಗಿರುವುದರಿಂದ 60 ಸೆಂಟಿಮೀಟರ್ ಕಡ್ಡಿಯಲ್ಲಿ ಮೇಲಿನ 20 ತೆಗೆದರೆ ಮುಂದೆ ಸ್ಪರ್ ಆಗಲಿದ್ದ ಮೊಗ್ಗುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚೇ ಹೋಗುತ್ತವೆ. ಒಂದು ವರ್ಷ ಮುಂಚೆಯೇ ಕಾಯಿ ವಿರಳಗೊಳಿಸುವ ಕೆಲಸ ಇದು.

ಅದರ ಅಗತ್ಯ ಏನೆಂದರೆ, ಒಂದು ಚೆರ್ರಿ ಒಳ್ಳೆಯ ಗಾತ್ರಕ್ಕೆ ಬೆಳೆಯಲು ಸುಮಾರು 200 ಚದರ ಸೆಂಟಿಮೀಟರ್ ಎಲೆ ಬೇಕು, ಅಂದರೆ ಬಲಿತ ಎಲೆ ಐದರ ಆಸುಪಾಸು. ಸೇಬಿನ ಹಾಗೆ ಒಂದೊಂದೇ ಕಾಯಿ ಕಿತ್ತು ವಿರಳಗೊಳಿಸುವುದು ಚೆರ್ರಿಯಲ್ಲಿ ಕೂಲಿಗೆ ಗಿಟ್ಟುವ ಮಾತಲ್ಲ. ಎಲೆ–ಕಾಯಿ ಲೆಕ್ಕ ಸರಿದೂಗಿಸಲು ಬೆಳೆಗಾರನ ಕೈಯಲ್ಲಿ ಉಳಿಯುವುದು ಕತ್ತರಿಯೊಂದೇ. ಕತ್ತರಿಗೆ ಹೆದರಿ ಮರ ತುಂಬ ಕಾಯಿ ಬಿಟ್ಟವರಿಗೆ ತೂಕ ಸಿಗುತ್ತದೆ, ಆದರೆ ಹಣ್ಣು ಸಣ್ಣದು, ಮೆತ್ತನೆಯದು, ಸಿಹಿಯೂ ಕಡಿಮೆ.

ಎಷ್ಟು ಕತ್ತರಿಸಬೇಕು ಎನ್ನುವುದನ್ನು ಮರದ ಮೇಲ್ಭಾಗಕ್ಕಿಂತ ಬೇರುಸಸಿ, ಅಂದರೆ ತಳಿಯನ್ನು ಕಸಿ ಕಟ್ಟಿದ ಕೆಳಗಿನ ಬೇರಿನ ಗಿಡ, ಹೇಳುತ್ತದೆ. ಮಝಾರ್ಡ್ ಎಂಬ ಕಾಡು ಚೆರ್ರಿಯ ಬೇರಿನ ಮರ ದೊಡ್ಡದು, ಹಟಮಾರಿ. ಫಲಕ್ಕೆ ಬರುವುದು ತಡ. ಎಳೆಯದರಲ್ಲಿ ಅದನ್ನು ಸವರಿದಷ್ಟೂ ಚಿಗುರು ನುಗ್ಗುತ್ತದೆ, ಫಲ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಅಲ್ಲಿ ಕತ್ತರಿಗಿಂತ ಕೊಂಬೆ ಬಾಗಿಸುವುದೇ ಹೆಚ್ಚು ಕೆಲಸ ಮಾಡುತ್ತದೆ. ಜರ್ಮನಿಯ ಗೀಸನ್‌ನಲ್ಲಿ ರೂಪುಗೊಂಡ ಗಿಸೆಲಾ ಬೇರುಸಸಿಗಳ ಸರಣಿಯದು ತದ್ವಿರುದ್ಧ ಸ್ವಭಾವ. ಗಿಸೆಲಾ 5 ಮರವನ್ನು ಮಝಾರ್ಡ್‌ನ ಅರ್ಧದಷ್ಟು ಗಾತ್ರಕ್ಕೆ ಇಳಿಸುತ್ತದೆ, ಗಿಸೆಲಾ 6 ಅದಕ್ಕಿಂತ ಜೋರು. ಎರಡೂ ಮೂರನೇ ವರ್ಷದ ಹೊತ್ತಿಗೇ ಕಾಯಿ ತೋರಿಸುತ್ತವೆ. ಇಲ್ಲಿ ಸವರದೇ ಬಿಡುವುದೇ ತಪ್ಪು. ಅದರಲ್ಲೂ ಲ್ಯಾಪಿನ್ಸ್, ಸ್ವೀಟ್‌ಹಾರ್ಟ್‌ನಂಥ, ತನ್ನ ಪರಾಗದಿಂದಲೇ ಕಾಯಿ ಕಚ್ಚುವ ತಳಿ ಗಿಸೆಲಾ 5ರ ಮೇಲಿದ್ದರೆ ಐದಾರು ವರ್ಷದಲ್ಲಿ ಮರ ಕಾಯಿಯ ಭಾರಕ್ಕೆ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಹಾಗೆ ಕುಂಠಿತವಾದ ಮರವನ್ನು ಮತ್ತೆ ಚಿಗುರಿಗೆ ತರುವುದು ಬಲು ಕಷ್ಟ. ಇಂಥ ಜೋಡಿಗೆ ಪ್ರತಿ ವರ್ಷವೂ ಹೊಸ ಕಡ್ಡಿಗಳ ತುದಿಯಿಂದ ಮೂರನೇ ಒಂದು ಭಾಗ ತೆಗೆಯಲೇಬೇಕು. ಪ್ರತಿ ಮರದಲ್ಲೂ ತುದಿಚಿಗುರಿನ ಉದ್ದ ನೋಡಿ: ಫಲಕ್ಕೆ ಬಂದ ಮರದಲ್ಲಿ ವರ್ಷಕ್ಕೆ 30 ಸೆಂಟಿಮೀಟರ್ ದಾಟದಿದ್ದರೆ ಮುಂದಿನ ಸಲ ಹೆಚ್ಚು ಸವರಿ, 90 ದಾಟಿದರೆ ಕತ್ತರಿ ಕಡಿಮೆ ಮಾಡಿ.

ಎಳೆ ಗಿಡದ ಕಾಟ ಇನ್ನೊಂದು ಬಗೆಯದು. ಚೆರ್ರಿ ನೇರ ಮೇಲಕ್ಕೆ ಓಡುವ ಜಾತಿ. ತುದಿಯ ನಾಲ್ಕೈದು ಮೊಗ್ಗು ಮಾತ್ರ ಒಡೆದು, ಒಂದಕ್ಕೊಂದು ತಗುಲಿಕೊಂಡು ಕಿರಿದಾದ ಕವಲಿನಲ್ಲಿ ಏಳುತ್ತವೆ; ಕೆಳಗಿನ ಕಾಂಡ ಬೋಳು. ಕಿರಿದಾದ ಕವಲಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಕಾಯಿಭಾರಕ್ಕೆ ಸೀಳುವುದು, ಅಂಟು ಸೋರುವುದು, ರೋಗ ಹೊಗುವುದು ಅಲ್ಲೇ. ಒಂಟಿ ಕಾಂಡದ ಮರ ಬೇಕಿದ್ದರೆ ಮೊಗ್ಗು ಉಬ್ಬುವ ಹೊತ್ತಿಗೆ ತುದಿಮೊಗ್ಗು ಉಳಿಸಿ ಅದರ ಕೆಳಗಿನ ನಾಲ್ಕೈದನ್ನು ಬೆರಳಿನಿಂದ ಉದುರಿಸಿ. ಅದಕ್ಕೂ ಕೆಳಗೆ ಕಾಂಡದ ಸುತ್ತ ಸರಿಯಾದ ಕಡೆಗೆ ಮುಖ ಮಾಡಿದ ಮೊಗ್ಗುಗಳನ್ನು ಆರಿಸಿ, ಪ್ರತಿಯೊಂದರ ಮೇಲೆ ಕಚ್ಚು ಹಾಕಿ. ಲೋಹ ಕೊಯ್ಯುವ ಗರಗಸದ ಅಲಗು ಸಾಕು. ಮೊಗ್ಗಿನಿಂದ ಅರ್ಧ ಸೆಂಟಿಮೀಟರ್ ಮೇಲೆ, ಕಾಂಡದ ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಉದ್ದಕ್ಕೆ, ತೊಗಟೆ ದಾಟಿ ಗಟ್ಟಿ ಮರ ಮುಟ್ಟುವವರೆಗೆ ಎಳೆಯಬೇಕು. ತುದಿಯಿಂದ ಇಳಿದು ಬಂದು ಮೊಗ್ಗನ್ನು ಮಲಗಿಸುವ ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಅಲ್ಲೇ ತಡೆದು, ಮೊಗ್ಗು ಒಡೆಯುತ್ತದೆ. ಮೇಲಿನ ತೊಗಟೆಯನ್ನು ಮಾತ್ರ ಕೆರೆದರೆ ಏನೂ ಆಗುವುದಿಲ್ಲ. ಮಳೆ, ತಣ್ಣನೆ ತೇವ ಇರುವ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಪ್ರತಿ ಕಚ್ಚೂ ಒಂದು ಗಾಯ.

ಮೊಳೆತ ಚಿಗುರು 5–8 ಸೆಂಟಿಮೀಟರ್ ಇರುವಾಗಲೇ ಅದರ ಮೇಲ್ಗಡೆ ಕಾಂಡಕ್ಕೆ ಬಟ್ಟೆಗೆ ಹಾಕುವ ಕ್ಲಿಪ್ ಸಿಕ್ಕಿಸಿದರೆ ಕವಲು ಅಗಲವಾಗುತ್ತದೆ. ಹದಿನೈದು ದಿನ ತಡವಾದರೆ ಬುಡ ಗಟ್ಟಿಯಾಗಿ, ಬಾಗುವ ಬದಲು ಕಿತ್ತು ಬರುತ್ತದೆ.

ಆಕಾರದ ಪದ್ಧತಿಗಳು ಹಲವಿವೆ. ಕಡಿಮೆ ಖರ್ಚಿನದು ಆಸ್ಟ್ರೇಲಿಯಾದ ಕಿಮ್ ಗ್ರೀನ್ ಹೆಸರಿನ ಪೊದೆ ಪದ್ಧತಿ, ಕೆಜಿಬಿ. ತಂತಿ ಬೇಡ, ಏಣಿಯೂ ಬೇಡ. ನೆಟ್ಟ ಗಿಡವನ್ನು ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ. ಬಂದ ಚಿಗುರು 50–60 ಸೆಂಟಿಮೀಟರ್ ಆದಾಗ, ಬೇಸಿಗೆಯ ಮೊದಲ ಭಾಗದಲ್ಲೇ, ಎಲ್ಲವನ್ನೂ 10–15 ಸೆಂಟಿಮೀಟರಿಗೆ ಇಳಿಸಿ. ಮುಂದಿನ ವಸಂತದಲ್ಲಿ ಮತ್ತೆ ಅದೇ ಅಳತೆ. ಪ್ರತಿ ಸಲ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಇಪ್ಪತ್ತರ ಆಸುಪಾಸು ನೇರ ಕೊಂಬೆಗಳು ಸಿಗುತ್ತವೆ. ಚಿಗುರಿಗೆ ಅಷ್ಟು ಉದ್ದ ಬಂದಿಲ್ಲವಾದರೆ ಎರಡನೇ ಕತ್ತರಿ ಬೇಡವೇ ಬೇಡ. ಬಡಕಲು ಗಿಡಕ್ಕೆ ಪದೇಪದೇ ತಲೆ ಹೊಡೆದರೆ ಪೆನ್ಸಿಲಿಗಿಂತ ತೆಳ್ಳನೆ ಕಡ್ಡಿಗಳ ಪೊರಕೆ ಮಾತ್ರ ಉಳಿಯುತ್ತದೆ. ಬೇಸಿಗೆ ಕಳೆಯುವ ಹೊತ್ತಿಗೆ ಕತ್ತರಿಸುವುದೂ ತಪ್ಪು: ಹೊಸ ಚಿಗುರು ಬಲಿಯುವ ಮೊದಲೇ ಹಿಮ ಬೀಳುತ್ತದೆ. ನಂತರದ ವರ್ಷಗಳಲ್ಲಿ ಕೆಲಸ ಸರಳ. ಪ್ರತಿ ವರ್ಷ ಅತಿ ದಪ್ಪನೆಯ ಕೊಂಬೆಗಳಲ್ಲಿ ಐದನೇ ಒಂದು ಪಾಲನ್ನು ಮೋಟು ಬಿಟ್ಟು ತೆಗೆಯಿರಿ. ಉಳಿದವುಗಳ ಪಕ್ಕದ ಕವಲು ತೆಗೆದು ಒಂಟಿ ಕೋಲಾಗಿಡಿ. ನಡುಭಾಗಕ್ಕೆ ಬೆಳಕು ಬಿಡಿ. ರೆಜಿನಾದಂತೆ ಸ್ಪರ್‌ಗಿಂತ ಕಡ್ಡಿಯ ಬುಡದಲ್ಲಿ ಹೆಚ್ಚು ಕಾಯಿ ಬಿಡುವ ತಳಿಗೆ ಈ ಪದ್ಧತಿ ಒಗ್ಗುವುದಿಲ್ಲ.

ಅಂಥ ತಳಿಗೆ ಇರುವುದು ಸೂಪರ್ ಸ್ಲೆಂಡರ್ ಆಕ್ಸಿಸ್ ಎಂಬ ಪದ್ಧತಿ: ಸಾಲಿನಲ್ಲಿ 50–75 ಸೆಂಟಿಮೀಟರಿಗೊಂದು ಗಿಡ, ಪಕ್ಕದ ಕಡ್ಡಿಗಳನ್ನೆಲ್ಲ ಪ್ರತಿ ವರ್ಷ ಬುಡದ ಹೂಮೊಗ್ಗು ಮತ್ತು ಮೇಲಿನ ಎರಡು ಮೂರು ಎಲೆಮೊಗ್ಗಿಗೆ ಇಳಿಸುವುದು. ಹಣ್ಣು ದೊಡ್ಡದು, ಆದರೆ ಹೆಕ್ಟೇರಿಗೆ 4,000ಕ್ಕೂ ಹೆಚ್ಚು ಸಸಿಯ ಖರ್ಚು.

ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಯುಎಫ್‌ಒ (ಅಪ್‌ರೈಟ್ ಫ್ರೂಟಿಂಗ್ ಆಫ್‌ಶೂಟ್ಸ್, ಅಂದರೆ ನೇರಕ್ಕೆ ಏಳುವ ಫಲದ ಕೊಂಬೆ) ಪದ್ಧತಿಯಲ್ಲಿ ತಲೆ ಕತ್ತರಿಸದ ಸಸಿಯನ್ನು ಓರೆಯಾಗಿ ನೆಟ್ಟು, ಸುಮಾರು 50 ಸೆಂಟಿಮೀಟರ್ ಎತ್ತರದ ತಂತಿಗೆ ಮಲಗಿಸುತ್ತಾರೆ. ಅದರ ಬೆನ್ನಿನಿಂದ 20 ಸೆಂಟಿಮೀಟರಿಗೊಂದರಂತೆ ನೇರ ಕೊಂಬೆ ಏಳಬೇಕು. ನೆಟ್ಟ ದಿನವೇ ಪೂರ್ತಿ ಮಲಗಿಸಿದರೆ ಬುಡದ ಹತ್ತಿರದ ಒಂದೇ ಚಿಗುರು ಎಲ್ಲ ಬಲ ಎಳೆದುಕೊಂಡು ಆಚೆ ತುದಿ ಸೊರಗುತ್ತದೆ. ಮೊದಲು 45 ಡಿಗ್ರಿಯಲ್ಲಿ ಬಿಟ್ಟು, ಉದ್ದಕ್ಕೂ ಮೊಗ್ಗು ಒಡೆದ ಮೇಲೆ ಇಳಿಸುವುದು ಲೇಸು. ಹಣ್ಣೆಲ್ಲ ಒಂದೇ ತೆಳು ಗೋಡೆಯಂತೆ ನಿಲ್ಲುವುದರಿಂದ ಕೊಯ್ಲಿಗೆ ಇದರಷ್ಟು ಸುಲಭ ಬೇರಿಲ್ಲ. ತಂತಿ, ಕಂಬದ ಖರ್ಚು ಕೂಡಿಸಿದ ಮೇಲೆ ಎಲ್ಲರಿಗೂ ಗಿಟ್ಟುತ್ತದೆ ಎಂದು ಹೇಳಲಾರೆ.

ಇನ್ನು ಕಾಲದ ವಿಷಯ. ಚೆರ್ರಿಯನ್ನು ಕೊಲ್ಲುವುದು ಬಹಳ ಸಲ ಕತ್ತರಿಯಲ್ಲ, ಕತ್ತರಿಸಿದ ಮರುದಿನದ ಮಳೆ. ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಹಸಿ ಗಾಯದ ಮೂಲಕ ಒಳಹೊಕ್ಕು ತೊಗಟೆ ಕೊಳೆಸುತ್ತದೆ. ತಂಪು, ತೇವ, ಹಿಮ ಮೂರೂ ಸೇರಿದರೆ ಅದಕ್ಕೆ ಹಬ್ಬ. ಬೆಳ್ಳಿ ಎಲೆ ರೋಗದ ಶಿಲೀಂಧ್ರದ ದಾರಿಯೂ ಹಸಿ ಗಾಯವೇ. ಹಾಗಾಗಿ ಎಲೆ ಉದುರುವ ಕಾಲದಲ್ಲಾಗಲಿ ಚಳಿಗಾಲದ ನಡುವೆಯಾಗಲಿ ಸವರದೆ, ಮೊಗ್ಗು ಉಬ್ಬುವ ಹೊತ್ತಿಗೆ ಅಥವಾ ಕೊಯ್ಲು ಮುಗಿದ ಮೇಲೆ, ಮುಂದಿನ ಕೆಲವು ದಿನ ಒಣಹವೆ ಇರುವುದು ಖಚಿತವಾದಾಗ ಸವರಿ. ರೋಗದ ಮರದಿಂದ ಮುಂದಿನದಕ್ಕೆ ಹೋಗುವಾಗ ಅಲಗನ್ನು 70 ಪ್ರತಿಶತ ಆಲ್ಕೋಹಾಲಿನಲ್ಲಿ ಒರೆಸಿ. ತಂಪುಕಾಲದಲ್ಲಿ ದಪ್ಪ ಕೊಂಬೆ ತೆಗೆಯಲೇಬೇಕಾಗಿ ಬಂದರೆ ಕಾಂಡಕ್ಕೆ ಸಮನಾಗಿ ಕೊಯ್ಯದೆ 20–30 ಸೆಂಟಿಮೀಟರ್ ಮೋಟು ಬಿಡಿ. ಸೋಂಕು ತಗುಲಿದರೂ ಕಾಂಡ ಮುಟ್ಟುವ ಮೊದಲೇ ಮೋಟಿನಲ್ಲಿ ನಿಲ್ಲುವ ಸಾಧ್ಯತೆ ಇರುತ್ತದೆ. ಎಷ್ಟೋ ಸಲ ಆ ಮೋಟಿನಿಂದಲೇ ಬದಲಿ ಕೊಂಬೆ ಚಿಗುರುತ್ತದೆ.

ಕೊಯ್ಲಿನ ನಂತರದ ಸವರುವಿಕೆಗೆ ಒಂದು ಮಿತಿ ಇದೆ. ಆಗ ಸ್ಪರ್‌ಗಳಲ್ಲಿ ಮುಂದಿನ ವರ್ಷದ ಹೂ ರೂಪುಗೊಳ್ಳುತ್ತಿರುತ್ತದೆ. ಬೆಳಕು ಒಳಗೆ ಹೋದರೆ ಅವು ಬಲವಾಗುತ್ತವೆ, ನಿಜ. ಆದರೆ ಸುಡುಬಿಸಿಲಿನ ಪ್ರದೇಶದಲ್ಲಿ ಪಡುವಣ ಬದಿಯ ಎಲೆಯನ್ನೆಲ್ಲ ಬೋಳಿಸಿದರೆ, 30 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಆ ಎಳೆ ಮೊಗ್ಗಿಗೆ ತಟ್ಟಿ, ಹೂವಿನಲ್ಲಿ ಎರಡು ಅಂಡಾಶಯ ಮೂಡುತ್ತವೆ. ಮುಂದಿನ ವರ್ಷ ಅಂಟಿಕೊಂಡ ಜೋಡಿಹಣ್ಣು. ಅದನ್ನು ಯಾರೂ ಮೊದಲ ದರ್ಜೆಗೆ ಕೊಳ್ಳುವುದಿಲ್ಲ.

ಎತ್ತರ ಕೈಮೀರಿದ ಹಳೆಯ ಮಝಾರ್ಡ್ ಮರಗಳನ್ನು ಒಂದೇ ವರ್ಷದಲ್ಲಿ ತಗ್ಗಿಸಲು ಹೋಗಬೇಡಿ. ದೊಡ್ಡ ಗಾಯದ ಸುತ್ತ ನೀರುಚಿಗುರು ಕಾಡಿನಂತೆ ಎದ್ದು, ಕೆಳಗಿನ ಸ್ಪರ್‌ಗಳಿಗೆ ಮೊದಲಿಗಿಂತ ಹೆಚ್ಚು ನೆರಳಾಗುತ್ತದೆ. ಮೂರು ವರ್ಷಕ್ಕೆ ಹಂಚಿ, ಪ್ರತಿ ಸಲ ಒಂದೆರಡು ದೊಡ್ಡ ಕೊಂಬೆಯನ್ನು ಮಾತ್ರ, ಹೊರಮುಖವಾಗಿರುವ, ಅದರ ಅರ್ಧದಷ್ಟಾದರೂ ದಪ್ಪವಿರುವ ಪಕ್ಕದ ಕೊಂಬೆಯವರೆಗೆ ಇಳಿಸಿ. ಆಮೇಲೆ ಎದ್ದ ನೀರುಚಿಗುರನ್ನು ಬೇಸಿಗೆಯಲ್ಲಿ ಎಳೆಯದಾಗಿರುವಾಗಲೇ ಕೈಯಿಂದ ಕಿತ್ತುಬಿಟ್ಟರೆ, ಕತ್ತರಿಸಿದ್ದಕ್ಕಿಂತ ಕಡಿಮೆ ಮರುಚಿಗುರುತ್ತದೆ.