ಅವ್ವನ ‘ಕೋ’, ಫ್ರೆಂಚಿನ ‘ಸ’

ಕಳೆದ ವಾರ ಧಾರವಾಡದ ಸಪ್ತಾಪುರದ ಮನೆಯಲ್ಲಿ ಫ್ರೆಂಚ್ ಪುಸ್ತಕ ಹಿಡಿದು ಕೂತಿದ್ದೆ. ಅಣ್ಣನ ಮಗಳು ಆಟ ಮುಗಿಸಿ ಬಂದಳು. ಅಡುಗೆಮನೆಯಿಂದ ಅವ್ವ ಕೂಗಿದಳು: “ಮೊದಲ ನೀ ಕೈ ತೊಳಕೋ. ಆಮ್ಯಾಲೆ ಆ ಪೇರಲಹಣ್ಣ ತೊಳಿ.”

ಎರಡು ವಾರದಿಂದ ಬಿಚ್ಚದ ಗಂಟು ಅಲ್ಲೇ ಬಿಚ್ಚಿತು.

ಹಣ್ಣಿಗೆ ‘ತೊಳಿ’, ತನ್ನ ಕೈಗೆ ‘ತೊಳಕೋ’. ಫ್ರೆಂಚಿನ ‘ಲಾವೇ’ ಮತ್ತು ‘ಸ ಲಾವೇ’ ನಡುವೆ ಇರುವುದೂ ಇದೇ ವ್ಯತ್ಯಾಸ. ನಾವು ಕ್ರಿಯಾಪದದ ಕೊನೆಗೆ ‘ಕೊಳ್ಳು’ ಸೇರಿಸುತ್ತೇವೆ, ಅವರು ಮೊದಲಿಗೆ ‘ಸ’ ಇಡುತ್ತಾರೆ. ಆದರೆ ಆ ‘ಸ’ ಬದಲಾಗುತ್ತದೆ: ನಾನು ಅಂದರೆ ‘ಮ’, ನೀನು ಅಂದರೆ ‘ತ’, ನಾವು ಅಂದರೆ ‘ನು’, ನೀವು ಅಂದರೆ ‘ವು’. ಅವನು, ಅವಳು, ಅವರು ಎಲ್ಲಕ್ಕೂ ‘ಸ’.

ನನ್ನ ಪುಸ್ತಕ ಇದನ್ನೆಲ್ಲ ಇಂಗ್ಲಿಷಿನ ‘ಮೈಸೆಲ್ಫ್’ ಹಿಡಿದು ವಿವರಿಸುತ್ತದೆ. ಇಂಗ್ಲಿಷಿನಲ್ಲಿ ‘ಮೈ ಹ್ಯಾಂಡ್ಸ್’ ಅನ್ನಬೇಕು. ಹಾಗೇ ಯೋಚಿಸಿ ನಾನೂ ‘ನನ್ನ ಕೈ’ ಅಂತ ಬರೆದಿದ್ದೆ, ತಪ್ಪಾಯಿತು. ‘ಜ ಮ ಲಾವ್ ಲೆ ಮ್ಯಾಂ’ ಅನ್ನಬೇಕು. ‘ಲೆ ಮ್ಯಾಂ’ ಅಂದರೆ ಬರೀ ಕೈಗಳು, ಅಲ್ಲಿ ‘ನನ್ನ’ ಇಲ್ಲ. ‘ಕೈ ತೊಳ್ಕೊಂಡೆ’ ಅಂದಾಗ ಯಾರ ಕೈ ಅಂತ ನಾವೂ ಹೇಳಲ್ಲ, ಅಲ್ವಾ? ‘ಕೊಂಡೆ’ಯಲ್ಲೇ ಅದು ಬಂತು.

ಮರುದಿನ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಜೋಡಿ ಹುಡುಕುತ್ತಾ ಹೋದೆ. ನೆನಪಿಸಿಕೊಳ್ಳೋದು ‘ಸ ಸುವ್ನೀರ್’. ಕೂತ್ಕೊಳ್ಳೋದು ‘ಸಸ್ವಾರ್’. ಮಲ್ಕೊಳ್ಳೋದು ‘ಸ ಕುಶೇ’. ಇಬ್ಬರು ಮಾತಾಡಿಕೊಳ್ಳೋದು ‘ಸ ಪಾರ್ಲೇ’. ಒಬ್ಬರಿಗೊಬ್ಬರು ಅನ್ನುವ ಅರ್ಥಕ್ಕೂ ಎರಡು ಭಾಷೆಯವರೂ ಇದೇ ತುಣುಕನ್ನು ಬಳಸ್ತಾರೆ! ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಇದು.

ಎಲ್ಲ ಹೊಂದುವುದಿಲ್ಲ. ಏಳೋದು ‘ಸ ಲವೇ’, ನಮ್ಮಲ್ಲಿ ಸುಮ್ನೆ ‘ಏಳು’. ತಿಳ್ಕೊಳ್ಳೋದು ‘ಕೊಂಪ್ರಾಂದ್ರ್’, ಅಲ್ಲಿ ‘ಸ’ ಇಲ್ಲ. ಇವನ್ನು ಬಾಯಿಪಾಠ ಮಾಡಬೇಕು.

ಭೂತಕಾಲದಲ್ಲಿ ಇನ್ನೊಂದು ತೊಡಕಿದೆ. ‘ಎಲ್ ಸೆ ಲಾವೇ’, ಅಂದರೆ ಅವಳು ತನ್ನನ್ನು ತೊಳೆದುಕೊಂಡಳು ಅಂತ ಬರೆಯುವಾಗ ಕೊನೆಗೆ ಸ್ತ್ರೀಲಿಂಗದ ‘ಇ’ (e) ಅಕ್ಷರ ಬೇಕು. ಮುಂದೆ ‘ಲೆ ಮ್ಯಾಂ’ ಬಂದರೆ ಬೇಡ. ಯಾಕಂದರೆ ಈಗ ತೊಳೆದದ್ದು ಕೈಯನ್ನು, ‘ಸ’ ಬರೀ ‘ತನಗೆ’. ದ್ವಿತೀಯಾ ಮತ್ತು ಚತುರ್ಥಿ ವಿಭಕ್ತಿ, ಶಾಲೆಯಲ್ಲಿ ಕಲಿತದ್ದೇ!

ಇವತ್ತು ಬೆಳಿಗ್ಗೆ ಅವ್ವ ಮೊಮ್ಮಗಳ ತಲೆ ಬಾಚುತ್ತಿದ್ದಳು. ಅದಕ್ಕೆ ‘ಪೆನ್ಯೇ’ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. “ನಾಳಿಂದ ನೀನ ಬಾಚಕೋ” ಅಂದಳು ಅವ್ವ. ಮೊದಲಿಗೆ ಒಂದು ‘ಸ’ ಸೇರಿಸಿದೆ.